ರಾತ್ರಿಶಾಲೆಯ ಬೆಂಚು, ಆನ್‌ಲೈನ್ ಪದವಿ

ಉಡುಪಿ, ಮಂಗಳೂರುಗಳ ಕಡೆಯಿಂದ ಎಳವೆಯಲ್ಲಿಯೇ ಮುಂಬಯಿಗೆ ಬಂದು, ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ಸಂಜೆಯ ಮೇಲೆ ಕನ್ನಡ ರಾತ್ರಿಶಾಲೆಗಳ ಬೆಂಚುಗಳಲ್ಲಿ ಕುಳಿತು ಮ್ಯಾಟ್ರಿಕ್ ದಾಟಿ, ಮುಂದೆ ವಕೀಲರೂ ಬ್ಯಾಂಕಿನ ಅಧಿಕಾರಿಗಳೂ ಲೇಖಕರೂ ಆದವರ ಮಕ್ಕಳು ಮೊಮ್ಮಕ್ಕಳು ಇಂದು ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿ, ಕಚೇರಿಯಿಂದ ಮರಳಿದ ಬಳಿಕ ಆನ್‌ಲೈನ್ ಮುಖೇನ ಎಂ.ಬಿ.ಎ., ಎಂ.ಸಿ.ಎ. ಮುಂತಾದ ಸ್ನಾತಕೋತ್ತರ ಪದವಿಗಳನ್ನು ಅರಸುತ್ತಿದ್ದಾರೆ.

ಇದನ್ನು ಸುಲಭದ ಪದವಿಯೆಂದು ಹಗುರವಾಗಿ ಕಾಣುವವರು ಬೆಳಗಿನ ಎಂಟು ಗಂಟೆಗೆ ಡೊಂಬಿವಲಿ ನಿಲ್ದಾಣದಲ್ಲಿ ನಿಂತು ನೋಡತಕ್ಕದ್ದು. ಕಲ್ಯಾಣದಿಂದಲೇ ತುಂಬಿ ಬರುವ ಫಾಸ್ಟ್ ಲೋಕಲಿಗೆ ಜೋತುಬಿದ್ದು ಸಿ.ಎಸ್.ಎಂ.ಟಿ. ಸೇರಿ, ಅಷ್ಟೇ ಪ್ರಯಾಸದಿಂದ ಹಿಂದಿರುಗುವವನಿಗೆ ಕಲೀನಾದ ವಿದ್ಯಾನಗರಿಯ ಸಂಜೆಯ ತರಗತಿ ಗಗನಕುಸುಮವೇ ಸರಿ. ಮುಂಬಯಿ ವಿಶ್ವವಿದ್ಯಾನಿಲಯವು 1971ರಷ್ಟು ಹಿಂದೆಯೇ ದೂರಶಿಕ್ಷಣಕ್ಕೆ ಬಾಗಿಲು ತೆರೆದುದು ಇಂತಹವರ ಸಲುವಾಗಿಯೇ. ಮಾನ್ಯತೆ ಪಡೆದ ಸಂಸ್ಥೆಗಳ ಆನ್‌ಲೈನ್ ಪದವಿಯು ತರಗತಿಯ ಪದವಿಗೆ ಸಮಾನವೆಂದು ಯು.ಜಿ.ಸಿ. 2022ರಲ್ಲಿ ಸ್ಪಷ್ಟಪಡಿಸಿದೆ.

ಆದರೆ ಈ ಮಾನ್ಯತೆಯೆಂಬುದು ವಿದ್ಯಾರ್ಥಿಯೇ ಪರೀಕ್ಷಿಸಿ ನೋಡಬೇಕಾದ ವಸ್ತು. ನಮ್ಮದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು 2013-14ರಿಂದ ಮಾನ್ಯತೆ ಕಳೆದುಕೊಂಡು, 2018ರಲ್ಲಿ ಅದನ್ನು ಮರಳಿ ಪಡೆಯುವವರೆಗೆ, ನಡುವೆ ಸಿಲುಕಿದ ವಿದ್ಯಾರ್ಥಿಗಳು ಪಟ್ಟ ಪಾಡು ಮರೆಯತಕ್ಕುದಲ್ಲ. ಶುಲ್ಕ ಕಟ್ಟುವ ಮುನ್ನ ತಾನು ಸೇರಲಿರುವ ವಿಶ್ವವಿದ್ಯಾನಿಲಯದ ಹೆಸರಲ್ಲದೆ, ಆ ಕೋರ್ಸಿನ ಹೆಸರೂ ಆ ವರ್ಷದ ಯು.ಜಿ.ಸಿ. ಪಟ್ಟಿಯಲ್ಲಿ ಇದೆಯೇ ಎಂದು ನೋಡಿಕೊಳ್ಳಬೇಕು. ದೂರವಾಣಿಯಲ್ಲಿ ಎಡೆಬಿಡದೆ ಕಾಡುವ ಕೌನ್ಸೆಲರನ ಮಾತು ಪ್ರಮಾಣವಲ್ಲ.

ಇಷ್ಟಾಗಿಯೂ ನನ್ನ ದೃಷ್ಟಿಯಲ್ಲಿ ಈ ಶಿಕ್ಷಣದ ದೊಡ್ಡ ಕೊರತೆ ಮಾನ್ಯತೆಯದಲ್ಲ, ಸಹವಾಸದ್ದು. ರಾತ್ರಿಶಾಲೆಯಲ್ಲಿ ತೂಕಡಿಸುವವನನ್ನು ತಟ್ಟಿ ಎಬ್ಬಿಸಲು ಪಕ್ಕದಲ್ಲೊಬ್ಬನಿದ್ದನು. ಎರಡು ದಿನ ಬಾರದಿದ್ದರೆ ವಿಚಾರಿಸುವ ಮೇಷ್ಟರಿದ್ದರು. ಇಂದಿನ ವಿದ್ಯಾರ್ಥಿಯಾದರೋ ಧ್ವನಿಮುದ್ರಿತ ಪಾಠವನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ, ಅರ್ಥವಾಗದ್ದನ್ನು ಕೇಳಲು ಯಾರೂ ಇಲ್ಲದೆ, ಎರಡನೆಯ ಸೆಮಿಸ್ಟರಿನ ಹೊತ್ತಿಗೆ ಸದ್ದಿಲ್ಲದೆ ಹಿಂದುಳಿಯುತ್ತಾನೆ. ವಾಟ್ಸ್‌ಆಪ್ ಗುಂಪುಗಳುಂಟು, ನಿಜ. ಕಡೆಯ ದಿನದ ನಡುರಾತ್ರಿ ಅಸೈನ್‌ಮೆಂಟನ್ನು ಯಾಚಿಸುವುದರ ಹೊರತು ಅಲ್ಲಿ ಬೇರೆ ವಿದ್ಯಾವ್ಯವಹಾರ ನಡೆದುದನ್ನು ನಾನು ಕಾಣೆ. ಎರಡು ಕೋಣೆಗಳ ಮನೆಯಲ್ಲಿ ಅಜ್ಜಿಯ ಧಾರಾವಾಹಿ, ಮಗುವಿನ ಅಳು, ಇವುಗಳ ನಡುವೆ ಲ್ಯಾಪ್‌ಟಾಪ್ ತೆರೆಯುವ ಗೃಹಿಣಿಯ ಕಷ್ಟವಂತೂ ಇಮ್ಮಡಿ.

ಈ ಕೊರತೆಯನ್ನು ತುಂಬಬಲ್ಲ ಕಟ್ಟಡಗಳು ನಮ್ಮಲ್ಲಿಯೇ ಇವೆ. ಮಂಜುನಾಥ ವಿದ್ಯಾಲಯವನ್ನು ನಡೆಸುತ್ತಿರುವ ಡೊಂಬಿವಲಿ ಕರ್ನಾಟಕ ಸಂಘ, ಥಾಣೆಯ ನವೋದಯ ಕನ್ನಡ ಸೇವಾ ಸಂಘ, ವಾಶಿಯ ನವಿಮುಂಬಯಿ ಕನ್ನಡ ಸಂಘ, ಇವು ಸನ್ಮಾನ ಸಮಾರಂಭಗಳಿಗೆ ತೋರುವ ಉತ್ಸಾಹದ ಕಿಂಚಿತ್ತನ್ನು ಇತ್ತ ತಿರುಗಿಸಿ, ಶನಿವಾರ ಭಾನುವಾರಗಳಂದು ಒಂದು ಕೋಣೆ, ವೈ-ಫೈ, ಕೆಲವು ಮೇಜು ಕುರ್ಚಿ, ನಿವೃತ್ತ ಅಧ್ಯಾಪಕರೊಬ್ಬರ ಸಾನ್ನಿಧ್ಯ, ಇಷ್ಟನ್ನು ಒದಗಿಸಲಿ. ಜುಲೈ ತಿಂಗಳ ಪ್ರವೇಶಾವಧಿ ಆರಂಭವಾಗುವುದಕ್ಕೆ ಮೊದಲೇ ಆ ಕೋಣೆಯ ಬೀಗ ತೆರೆಯಲೆಂದು ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿ.