ಫೋಟೊದಲ್ಲಿ ಬೆಳ್ಳಗೆ ಕಂಡ ಪಾಪೆ

ಮೊಳಕಾಲ್ಮೂರು ಸೀಮೆಯ ಜಟಿಂಗ ರಾಮೇಶ್ವರ ಬೆಟ್ಟ ಹತ್ತಿದವರು ಗುಡಿಯ ಮುಂದೆ ಮಕ್ಕಳನ್ನು ನಿಲ್ಲಿಸಿ ಮೊಬೈಲಿನಲ್ಲಿ ಫೋಟೊ ತೆಗೆಯುವುದುಂಟು. ಫ್ಲ್ಯಾಶ್ ಬಿದ್ದಾಗ ಮಗುವಿನ ಒಂದು ಕಣ್ಣಿನ ಪಾಪೆ ಕೆಂಪಗೂ ಇನ್ನೊಂದು ಬೆಳ್ಳಗೂ ಕಂಡರೆ ಆ ಫೋಟೊ ಅಳಿಸಬೇಡಿ, ಕಣ್ಣಿನ ಡಾಕ್ಟರಿಗೆ ತೋರಿಸಿ. ಬೆಳಕು ಬಿದ್ದ ಕೋನದಿಂದ ಹಾಗಾಗಿರಬಹುದು, ಹುಟ್ಟಿನಿಂದ ಬಂದ ಪೊರೆಯೂ ಇರಬಹುದು. ಆದರೆ ರೆಟಿನೊಬ್ಲಾಸ್ಟೋಮ ಎಂಬ ಅಕ್ಷಿಪಟಲದ ಕ್ಯಾನ್ಸರ್ ಕೂಡ ಹೀಗೆಯೇ ಕಾಣಿಸಿಕೊಳ್ಳುತ್ತದೆ. ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಬರುವ ಇದು ಸುಮಾರು 15ರಿಂದ 20 ಸಾವಿರ ಹೆರಿಗೆಗಳಿಗೆ ಒಂದರಂತೆ ಕಂಡುಬರುತ್ತದೆ.

ಬಹುಪಾಲು ಇಂಥ ಗಡ್ಡೆಗಳಿಗೆ ಕಾರಣ ಆರ್‌ಬಿ ಎಂಬ ಪ್ರೋಟೀನು ಇಲ್ಲವಾಗುವುದು. ಜೀವಕೋಶದಲ್ಲಿ ಇದರ ಕೆಲಸ ಕೆರೆಯ ತೂಬಿನಂಥದು. ಕೋಶ ಎರಡಾಗಬೇಕಾದರೆ ಮೊದಲು ತನ್ನ ಡಿಎನ್‌ಎ ನಕಲು ಮಾಡಿಕೊಳ್ಳಬೇಕು. ಅದಕ್ಕೆ ಚಾಲನೆ ಕೊಡುವ ಇ2ಎಫ್ ಎಂಬ ಪ್ರೋಟೀನುಗಳನ್ನು ಆರ್‌ಬಿ ಹಿಡಿದಿಟ್ಟಿರುತ್ತದೆ. ಬೆಳೆಯಲು ಹೊರಗಿನಿಂದ ಸಂದೇಶ ಬಂದಾಗ ಕೆಲವು ಕಿಣ್ವಗಳು ಆರ್‌ಬಿಗೆ ಫಾಸ್ಫೇಟ್ ಅಂಟಿಸುತ್ತವೆ. ಹಿಡಿತ ಸಡಿಲಿ ಕೋಶ ವಿಭಜನೆಗೆ ಹೊರಡುತ್ತದೆ. ಆಮೇಲೆ ಫಾಸ್ಫೇಟ್ ಕಳಚಿ ತೂಬು ಮತ್ತೆ ಮುಚ್ಚುತ್ತದೆ. ತೂಬೇ ಕಿತ್ತುಹೋದರೆ ಸಂದೇಶ ಬಂದರೇನು, ಬಿಟ್ಟರೇನು?

ಆರ್‌ಬಿ ಜೀನು ಎರಡಿರುತ್ತದೆ, ತಾಯಿಯಿಂದೊಂದು, ತಂದೆಯಿಂದೊಂದು. ಒಂದು ಕೆಟ್ಟರೂ ಇನ್ನೊಂದು ನಿಭಾಯಿಸುತ್ತದೆ. ಎರಡು ಪೆಟ್ಟು ಬಿದ್ದಾಗಲೇ ಗಡ್ಡೆ ಹುಟ್ಟುತ್ತದೆಂದು ಅಮೆರಿಕದ ಆಲ್ಫ್ರೆಡ್ ನುಡ್‌ಸನ್ 1971ರಲ್ಲಿ 48 ರೋಗಿಗಳ ವಿವರ ಮುಂದಿಟ್ಟುಕೊಂಡು ಲೆಕ್ಕ ಹಾಕಿದರು. ಜೀನು ಕೈಗೆ ಸಿಕ್ಕಿದ್ದು 1986ರಲ್ಲಿ! ಹುಟ್ಟುವಾಗಲೇ ಒಂದು ಜೀನು ಕೆಟ್ಟಿರುವ ಮಕ್ಕಳಿಗೆ ಬಲು ಎಳವೆಯಲ್ಲಿ, ಹೆಚ್ಚಾಗಿ ಎರಡೂ ಕಣ್ಣಿಗೆ ಗಡ್ಡೆ ಬರುವುದು ಇನ್ನೊಂದೇ ಪೆಟ್ಟು ಸಾಕಾಗುವುದರಿಂದ. ‘ನಮ್ಮ ವಂಶದಲ್ಲಿ ಯಾರಿಗೂ ಇಲ್ಲ’ ಎಂಬ ಸಮಾಧಾನ ಇಲ್ಲಿ ನಡೆಯದು. ಇವರಲ್ಲಿ ಹೆಚ್ಚಿನವರ ದೋಷ ಅವರಿಂದಲೇ ಹೊಸದಾಗಿ ಶುರುವಾದದ್ದು. ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳೆಂದು ಬಸುರಿಯನ್ನು ದೂರುವುದಂತೂ ಶುದ್ಧ ಅನ್ಯಾಯ.

ಗರ್ಭಕೊರಳಿನ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ ಕೂಡ ತನ್ನ ಇ7 ಪ್ರೋಟೀನಿನಿಂದ ಇದೇ ಆರ್‌ಬಿಯನ್ನು ಕೆಡವುತ್ತದೆ. ಜೀನು ನೆಟ್ಟಗಿದ್ದರೂ ಪ್ರಯೋಜನವಿಲ್ಲ. ಆ ವೈರಸ್‌ಗೆ ಲಸಿಕೆ ಇದೆ. ಕಣ್ಣಿನ ಗಡ್ಡೆಗೆ ಇಲ್ಲ, ಬೇಗ ಪತ್ತೆ ಮಾಡುವುದೊಂದೇ ದಾರಿ. ಕಣ್ಣೊಳಗೇ ಇರುವಾಗ ಸಿಕ್ಕಿಬಿದ್ದರೆ ಬಹುಪಾಲು ಮಕ್ಕಳು ಬದುಕುತ್ತಾರೆ, ಲೇಸರ್, ಕೀಮೋಥೆರಪಿಯಿಂದ ಎಷ್ಟೋ ಸಲ ಕಣ್ಣೂ ಉಳಿಯುತ್ತದೆ. ದೃಷ್ಟಿನರದ ಗುಂಟ ಮಿದುಳಿನ ಕಡೆ ಹಬ್ಬಿದ ಮೇಲೆ ಕಷ್ಟ. ಚಿಕಿತ್ಸೆಗೆ ಬೆಂಗಳೂರಿನ ಮಿಂಟೊ, ಕಿದ್ವಾಯಿ ಆಸ್ಪತ್ರೆಗಳವರೆಗೆ ಹೋಗಬೇಕಾದೀತು. ಮೊದಲ ಪರೀಕ್ಷೆಯನ್ನು ಚಿತ್ರದುರ್ಗ ಅಥವಾ ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲೇ ಮಾಡಿಸಬಹುದು. ಒಂದು ಮಗುವಿಗೆ ಬಂದಿದ್ದರೆ ಅದರ ಒಡಹುಟ್ಟಿದವರ ಕಣ್ಣನ್ನೂ ಪಾಪೆ ಅರಳಿಸುವ ಹನಿ ಹಾಕಿಸಿ ನೋಡಿಸಬೇಕು.