ಹರಿದ ಕಿವಿಯನ್ನು ಹೊಲಿಸುವುದು ಶೋಕಿಯೇ?

(ಓರ್ವ ವಿದ್ಯಾರ್ಥಿನಿ, ದ್ವಿತೀಯ ಬಿ. ಎ.)

ಕನ್ನಡಕ ಹಾಕಿಕೊಂಡವರನ್ನು ಕಂಡು ಯಾರೂ ನಗುವುದಿಲ್ಲ. ಹಲ್ಲು ಬಿದ್ದ ಜಾಗದಲ್ಲಿ ಹಲ್ಲು ಕಟ್ಟಿಸಿಕೊಂಡ ಮುದುಕರನ್ನು ಯಾರೂ ಶೋಕಿಲಾಲರೆಂದು ಕರೆಯುವುದಿಲ್ಲ. ಆದರೆ ನಡುವಯಸ್ಸು ದಾಟಿದ ಹೆಂಗಸೊಬ್ಬಳು ಹರಿದುಹೋದ ತನ್ನ ಕಿವಿಯ ಹಾಲೆಯನ್ನು ವೈದ್ಯರ ಬಳಿ ಹೊಲಿಸಿಕೊಂಡು ಬರುತ್ತೇನೆಂದರೆ, “ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕು?” ಎಂಬ ಮಾತು ಮನೆಯವರಿಂದಲೇ ಮೊದಲು ಬರುತ್ತದೆ. ಈ ಮಾತು ನ್ಯಾಯವಾದದ್ದೇ ಎಂದು ವಿಚಾರ ಮಾಡುವುದು ಈ ಲೇಖನದ ಉದ್ದೇಶ. ಹೆಬ್ಬೆಟ್ಟಿನ ಗಾತ್ರದ ಚರ್ಮದ ತುಣುಕಿಗಾಗಿ ಇಷ್ಟು ಬರೆಯಬೇಕೇ ಎಂದು ವಾಚಕರು ಪುಟ ಮಗುಚಬಾರದಾಗಿ ಪ್ರಾರ್ಥನೆ.

ಕಿವಿಯ ಮೇಲ್ಭಾಗಕ್ಕೆ ಮೃದ್ವಸ್ಥಿಯ ಆಧಾರವಿದೆ. ಹಾಲೆಗೆ ಆ ಆಧಾರವಿಲ್ಲ; ಅದು ಬರಿಯ ಚರ್ಮ ಮತ್ತು ಕೊಬ್ಬು. ಇಂಥ ಮೆತ್ತನೆಯ ಜಾಗದಲ್ಲಿ ತೂತುಮಾಡಿ, ಓಲೆಯನ್ನೋ ಜುಮಕಿಯನ್ನೋ ತೂಗಹಾಕಿ, ಹಗಲಿರುಳು ತೆಗೆಯದೆ ಮೂವತ್ತು ನಲವತ್ತು ವರ್ಷ ಕಳೆದರೆ ತೂತು ಸೀಳಾಗದೆ ಇನ್ನೇನಾದೀತು? ನಮ್ಮ ಹಿರಿಯರಿಗೆ ಇದು ತಿಳಿಯದ ಸಂಗತಿಯಲ್ಲ. ಜುಮಕಿಯ ಭಾರವನ್ನು ಕೂದಲಿಗೆ ಹಂಚಿಕೊಡುವ ಮಾಟಿಯೇ ಇದಕ್ಕೆ ಸಾಕ್ಷಿ. ಆದರೆ ಮಾಟಿ ಮದುವೆಮನೆಯ ಒಡವೆ. ನಿತ್ಯದ ಓಲೆಗೆ ಆ ಆಸರೆಯಿಲ್ಲ. ಇದರ ಮೇಲೆ ಕಂಕುಳ ಕೂಸು ಓಲೆಯನ್ನು ಹಿಡಿದೆಳೆಯುತ್ತದೆ. ತಲೆ ಒರೆಸುವ ಟವೆಲಿಗೆ ಕೊಕ್ಕೆ ಸಿಕ್ಕಿಕೊಳ್ಳುತ್ತದೆ. ಬೀದಿಯಲ್ಲಿ ಹಿಂದಿನಿಂದ ಬಂದ ಕಳ್ಳ ಒಡವೆಯನ್ನು ಕಿತ್ತುಕೊಂಡು ಓಡುತ್ತಾನೆ. ತೂತು ಮೊದಲು ಉದ್ದವಾಗುತ್ತದೆ, ಆಮೇಲೆ ಕೆಳಗೆ ಚರ್ಮದ ಒಂದು ಎಳೆ ಮಾತ್ರ ಉಳಿಯುತ್ತದೆ, ಒಂದು ದಿನ ಅದೂ ಕಡಿದು ಹಾಲೆ ಎರಡು ಹೋಳಾಗುತ್ತದೆ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಆ ಹೆಂಗಸು ಓಲೆ ತೊಟ್ಟದ್ದು ಕೇವಲ ತನ್ನ ಇಷ್ಟದಿಂದಲ್ಲ. ಅವಳಿಗೆ ಮಾತು ಬರುವ ಮೊದಲೇ ಕಿವಿ ಚುಚ್ಚಿಸಿದವರು ಹಿರಿಯರು. ಬೋಳು ಕಿವಿಯಲ್ಲಿ ಹೊರಗೆ ಹೋಗಬಾರದು, ಮುತ್ತೈದೆಯ ಕಿವಿ ಬರಿದಾಗಿರಬಾರದು ಎಂದು ಕಲಿಸಿದ್ದು ಸಮಾಜ. ಮನೆತನದ ಮರ್ಯಾದೆಯನ್ನು ಅವಳ ಕಿವಿಗೆ ತೂಗಹಾಕಿ ಎಲ್ಲರೂ ನೋಡಿ ಸಂತೋಷಪಟ್ಟದ್ದಾಯಿತು. ಆ ಭಾರವನ್ನು ಹೊತ್ತು ಹೊತ್ತು ಹಾಲೆ ಹರಿದಾಗ, ಅದನ್ನು ಸರಿಪಡಿಸಿಕೊಳ್ಳುವ ಆಸೆ ಮಾತ್ರ ಶೋಕಿಯಾಗಿಬಿಟ್ಟಿತೇ? ಓಲೆ ತೊಡಿಸುವುದು ಸಂಪ್ರದಾಯ, ಓಲೆಯಿಂದ ಆದ ಗಾಯವನ್ನು ಮಾಗಿಸಿಕೊಳ್ಳುವುದು ವಿಲಾಸ ಎಂಬ ಈ ನ್ಯಾಯ ನನಗಂತೂ ಅರ್ಥವಾಗುವುದಿಲ್ಲ. ಕಿವಿ ಕಾಣದಂತೆ ಕೂದಲನ್ನು ಇಳಿಬಿಟ್ಟು, ಫೋಟೋ ತೆಗೆಯುವಾಗ ಮುಖವನ್ನು ಒಂದು ಮಗ್ಗುಲಿಗೆ ತಿರುಗಿಸಿ, ವರ್ಷಗಟ್ಟಲೆ ಸಂಕೋಚದಲ್ಲಿ ಬಾಳುವ ಹೆಂಗಸರು ನಮ್ಮ ಮನೆಗಳಲ್ಲೇ ಇದ್ದಾರೆ. ಅವರು ಕೇಳುವುದಿಲ್ಲವಾದ್ದರಿಂದ ನಾವು ಗಮನಿಸುವುದೂ ಇಲ್ಲ.

ಇದೆಲ್ಲ ಹೊಸ ಕಾಲದ, ಪರದೇಶದ ಚಾಳಿ ಎನ್ನುವವರೂ ಉಂಟು. ಅವರು ಸುಶ್ರುತಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯವನ್ನು ನೋಡುವುದೊಳ್ಳೆಯದು. ಮಗುವಿಗೆ ರಕ್ಷೆಗಾಗಿಯೂ ಭೂಷಣಕ್ಕಾಗಿಯೂ ಕಿವಿ ಚುಚ್ಚಬೇಕೆಂದು ಹೇಳುವ ಆ ಅಧ್ಯಾಯವೇ, ಹರಿದ ಹಾಲೆಯನ್ನು ಕೂಡಿಸುವ 15 ಬಗೆಗಳನ್ನೂ ಹೆಸರಿಟ್ಟು ವಿವರಿಸುತ್ತದೆ. ಹಾಲೆಯೇ ಇಲ್ಲದವರಿಗೆ ಕೆನ್ನೆಯ ಚರ್ಮಮಾಂಸವನ್ನು, ಒಂದು ಕಡೆ ಅಂಟಿಕೊಂಡಿರುವಂತೆಯೇ ಎಬ್ಬಿಸಿ, ಅದರಿಂದ ಹೊಸ ಹಾಲೆಯನ್ನು ರೂಪಿಸುವ ಕ್ರಮವೂ ಅಲ್ಲಿದೆ. ಜೇನು ತುಪ್ಪಗಳನ್ನು ಸವರಿ, ಹತ್ತಿ ಬಟ್ಟೆಗಳಿಂದ ಮುಚ್ಚಿ, ದಾರವನ್ನು ಬಿಗಿಯಾಗಿಯೂ ಸಡಿಲವಾಗಿಯೂ ಅಲ್ಲದೆ ಹದವಾಗಿ ಕಟ್ಟಬೇಕಂತೆ. ಗಾಯ ಮಾಗುವವರೆಗೆ ಹಗಲುನಿದ್ದೆ, ಅತಿಭೋಜನ, ಬೆಂಕಿಯ ಕಾವು ಮತ್ತು ಹೆಚ್ಚು ಮಾತು ಇವನ್ನು ಬಿಡಬೇಕೆಂದೂ ಹೇಳಿದೆ. (ಕೊನೆಯ ಪಥ್ಯ ನಮ್ಮ ವಿದ್ಯಾರ್ಥಿನಿಯರ ವಿಶ್ರಾಂತಿ ಕೊಠಡಿಯಲ್ಲಿ ನಡೆಯುವುದು ಕಷ್ಟ!) ಹೀಗಿರಲು, ಕಿವಿ ಚುಚ್ಚುವುದನ್ನು ಮಾತ್ರ ಶಾಸ್ತ್ರವೆಂದು ಉಳಿಸಿಕೊಂಡು, ಹೊಲಿಯುವುದನ್ನು ಪರಕೀಯವೆಂದು ದೂಡುವುದು ಅರ್ಧ ಪುಟ ಓದಿ ಪುಸ್ತಕ ಮುಚ್ಚಿದಂತೆ.

ಈಗಿನ ಕ್ರಮವೂ ದೊಡ್ಡ ರಾದ್ಧಾಂತದ್ದಲ್ಲ. ಹರಿದ ಸೀಳಿನ ಎರಡು ಅಂಚುಗಳ ಮೇಲೂ ಚರ್ಮ ಬೆಳೆದಿರುವುದರಿಂದ ಸುಮ್ಮನೆ ಒತ್ತಿ ಕಟ್ಟಿದರೆ ಅವು ಕೂಡುವುದಿಲ್ಲ. ವೈದ್ಯರು ಆ ಜಾಗಕ್ಕೆ ಮಾತ್ರ ಮರವು ಬರುವ ಚುಚ್ಚುಮದ್ದು ಕೊಟ್ಟು, ಅಂಚಿನ ಹಳೆಯ ಚರ್ಮವನ್ನು ತೆಗೆದು, ಹಸಿ ಅಂಚುಗಳನ್ನು ಸೇರಿಸಿ ಹೊಲಿಯುತ್ತಾರೆ. ನೇರ ಗೆರೆಯಲ್ಲಿ ಹೊಲಿದರೆ ಕಲೆ ಕುಗ್ಗಿ ಹಾಲೆಯ ತುದಿಯಲ್ಲಿ ಕಚ್ಚು ಬೀಳುವ ಸಂಭವವಿರುವುದರಿಂದ ಕೆಲವು ವೇಳೆ ಅಂಕುಡೊಂಕಾಗಿ ಹೊಲಿಯುವುದೂ ಉಂಟು. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯುವ ಕೆಲಸ. ಅದೇ ದಿನ ಮನೆಗೆ ಬರಬಹುದು. ಹೊಲಿಗೆ ಬಿಚ್ಚುವುದು ವಾರ ಹತ್ತು ದಿನಗಳ ಮೇಲೆ. ಮತ್ತೆ ಚುಚ್ಚಿಸಬೇಕಾದರೆ ಎರಡು ಮೂರು ತಿಂಗಳಾದರೂ ತಡೆದು, ಹಳೆಯ ಕಲೆಯನ್ನು ಬಿಟ್ಟು ಪಕ್ಕದಲ್ಲಿ ಚುಚ್ಚಿಸಬೇಕು. ಗಾಯದ ಕಲೆ ಗಂಟಾಗಿ ಬೆಳೆಯುವ ಕೀಲಾಯ್ಡ್ ಎಂಬ ತೊಂದರೆ ಕೆಲವರ ಮೈಗುಣ. ಅಂಥವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಹೊಲಿಗೆಯೇ ಇಲ್ಲದೆ ಔಷಧ ಹಚ್ಚಿ ಕೂಡಿಸುತ್ತೇವೆಂಬ ಬೋರ್ಡುಗಳನ್ನೂ ಕಾಣುತ್ತೇವೆ. ಪೂರ್ತಿ ಹರಿಯದ ತೂತಿಗೆ ತೀಕ್ಷ್ಣವಾದ ಆಮ್ಲವನ್ನು ಹಚ್ಚಿ ಕಿರಿದುಮಾಡುವ ಕ್ರಮ ವೈದ್ಯರಲ್ಲಿ ಇರುವುದೇನೋ ನಿಜ. ಆದರೆ ಆಮ್ಲ ಚರ್ಮವನ್ನು ಸುಡುವ ವಸ್ತು. ಅದನ್ನು ಬ್ಯೂಟಿ ಪಾರ್ಲರಿನಲ್ಲಿ ಹಚ್ಚಿಸಿಕೊಳ್ಳುವುದು ಕೂಡದು.

ಇನ್ನು ಹಣದ ಮಾತು. ಆರೋಗ್ಯವಿಮೆಯ ಕರಾರುಗಳಲ್ಲಿ ರೂಪವನ್ನು ಬದಲಿಸುವ ಚಿಕಿತ್ಸೆಗೆ ಹಣ ಸಲ್ಲದೆಂಬ ನಿಬಂಧನೆ ಸಾಮಾನ್ಯ. ಅಪಘಾತ, ಸುಟ್ಟಗಾಯ, ಕ್ಯಾನ್ಸರುಗಳ ನಂತರದ ರಿಪೇರಿಗೂ ವೈದ್ಯಕೀಯವಾಗಿ ಅಗತ್ಯವಾದುದಕ್ಕೂ ಮಾತ್ರ ಅದರಲ್ಲಿ ವಿನಾಯಿತಿ. ಇದರ ಅರ್ಥವೇನು? ಕಳ್ಳ ಒಂದು ಕ್ಷಣದಲ್ಲಿ ಹರಿದರೆ ಅದು ಅಪಘಾತ. ಓಲೆ ಮೂವತ್ತು ವರ್ಷ ತೆಗೆದುಕೊಂಡು ಹರಿದರೆ ಅದು ಅಲಂಕಾರ. ಗಾಯ ಎರಡರಲ್ಲೂ ಒಂದೇ. ವಿಮೆಯ ನಿಬಂಧನೆಯನ್ನು ನಾವು ತಿದ್ದಲಾರೆವು. ಆದರೆ ಸರ್ಕಾರಿ ಆಸ್ಪತ್ರೆಗಳು ಈ ಚಿಕ್ಕ ರಿಪೇರಿಗಾಗಿ ವಾರದಲ್ಲೊಂದು ವೇಳೆಯನ್ನು ಗೊತ್ತುಮಾಡಿ, ಬಡ ಹೆಂಗಸರೂ ನಾಚಿಕೆಯಿಲ್ಲದೆ ಚೀಟಿ ಮಾಡಿಸಿ ಸಾಲಿನಲ್ಲಿ ನಿಲ್ಲುವಂತೆ ಮಾಡಬೇಕೆಂದು ಕೇಳುವುದು ಅತಿಯಾಸೆಯಾಗಲಾರದು.

ಹಾಗೆಂದು ಜೋಲುಬಿದ್ದ ಕಿವಿಗಳೆಲ್ಲ ಕತ್ತರಿಗೆ ತಲೆಬಾಗಬೇಕೆಂಬುದು ನನ್ನ ಅಭಿಪ್ರಾಯವಲ್ಲ. ತಮಿಳುನಾಡಿನ ದಕ್ಷಿಣದ ಜಿಲ್ಲೆಗಳಲ್ಲಿ ಪಾಂಬಡಂ ತೊಟ್ಟು ಹೆಗಲವರೆಗೆ ಇಳಿದ ಕಿವಿ ಹಿಂದಿನ ಕಾಲದ ಹೆಂಗಸರಿಗೆ ಹೆಮ್ಮೆಯಾಗಿತ್ತು. ನಮ್ಮ ಶ್ರವಣಬೆಳಗೊಳದ ಗೊಮ್ಮಟನ ನೀಳವಾದ ಕಿವಿಗಳು ಮಹಾಪುರುಷ ಲಕ್ಷಣವೆಂದೇ ಶಿಲ್ಪಿ ಕಡೆದದ್ದು. ಚೆಲುವಿನ ಅಳತೆಗೋಲು ಕಾಲದಿಂದ ಕಾಲಕ್ಕೆ ಬೇರೆ. ಬೇಡವೆನ್ನುವ ಅಜ್ಜಿಯನ್ನು ಮೊಮ್ಮಗನ ಮದುವೆಯ ಫೋಟೋಕ್ಕಾಗಿ ಬಲವಂತದಿಂದ ಎಳೆದೊಯ್ಯುವುದೂ, ಬೇಕೆನ್ನುವ ಅತ್ತೆಯನ್ನು ಹಾಸ್ಯಮಾಡಿ ತಡೆಯುವುದೂ ಒಂದೇ ತಪ್ಪು. ಕಿವಿ ಯಾರದೋ ನಿರ್ಧಾರ ಅವರದು.

ಮಕ್ಕಳ ವಿಷಯದಲ್ಲಿ ಈ ಮಾತನ್ನು ಇನ್ನೂ ಎಚ್ಚರದಿಂದ ಅನ್ವಯಿಸಬೇಕು. ಹುಟ್ಟುವಾಗಲೇ ಕಿವಿ ಬೆಳೆಯದೆ ಉಳಿದ ಮಗುವಿಗೆ ಪಕ್ಕೆಲುಬಿನ ಮೃದ್ವಸ್ಥಿಯಿಂದ ಕಿವಿಯನ್ನು ಕಟ್ಟಿಕೊಡುವ ಕ್ರಮವನ್ನು ಅಮೆರಿಕದ ರ್‍ಯಾಡ್‌ಫರ್ಡ್ ಟ್ಯಾನ್ಸರ್ 1959ರಲ್ಲಿ ಪ್ರಕಟಿಸಿದರು. ಅದನ್ನು ಯಾರೂ ಶೋಕಿಯೆನ್ನಲಾರರು. ಪ್ರಶ್ನೆ ಏಳುವುದು ಆರೋಗ್ಯವಾಗಿದ್ದು ಕೇವಲ ಮುಂದಕ್ಕೆ ಚಾಚಿದ ಕಿವಿಗಳ ಬಗ್ಗೆ. 1881ರಲ್ಲಿ ನ್ಯೂಯಾರ್ಕಿನ ಎಡ್ವರ್ಡ್ ಟಾಲ್ಬಟ್ ಈಲಿ ಎಂಬ ವೈದ್ಯರು ಇಂಥ ಕಿವಿಗಳನ್ನು ಹಿಂದಕ್ಕೆ ಕೂರಿಸಿದ್ದು 12 ವರ್ಷದ ಹುಡುಗನೊಬ್ಬನಿಗೆ. ಜೊತೆಯ ಹುಡುಗರು ಅವನನ್ನು ಗೇಲಿಮಾಡುತ್ತಿದ್ದರೆಂಬುದೇ ಕಾರಣ. ಇಂದಿಗೂ ಕಾರಣ ಬಹುಮಟ್ಟಿಗೆ ಅದೇ. ಈ ಚಿಕಿತ್ಸೆಯಿಂದ ಕೇಳುವ ಶಕ್ತಿ ಹೆಚ್ಚುವುದಿಲ್ಲ. ಮಕ್ಕಳಿಗಾದರೆ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಬೇಕು. ಚರ್ಮದಡಿ ರಕ್ತ ಕಟ್ಟುವುದು, ಸೋಂಕು, ಎರಡು ಕಿವಿ ಸಮನಾಗಿ ಬಾರದಿರುವುದು ಮುಂತಾದ ಅಪಾಯಗಳೂ ಇಲ್ಲದಿಲ್ಲ. ಐದಾರು ವರ್ಷಕ್ಕೆ ಕಿವಿ ಬಹುಪಾಲು ಬೆಳೆದಿರುವುದರಿಂದ ವೈದ್ಯರು ಅಲ್ಲಿಯವರೆಗಾದರೂ ಕಾಯುತ್ತಾರೆ. ಹುಟ್ಟಿದ ಮೊದಲ ವಾರಗಳಲ್ಲಿ ಮಾತ್ರ ಮೃದ್ವಸ್ಥಿ ಬಹಳ ಮೆತ್ತಗಿರುವುದರಿಂದ, ಕತ್ತರಿಯಿಲ್ಲದೆ ಅಚ್ಚುಪಟ್ಟಿ ಕಟ್ಟಿ ತಿದ್ದಲು ಸಾಧ್ಯ; ಇದನ್ನು ಬಾಣಂತಿಯರಿಗೆ ಹೆರಿಗೆ ಆಸ್ಪತ್ರೆಯಲ್ಲೇ ತಿಳಿಸುವುದು ಉಚಿತ.

ಹಾಗಾದರೆ ಚಾಚಿದ ಕಿವಿಯ ಹುಡುಗನಿಗೆ ಏನು ಮಾಡಬೇಕು? ಮೊದಲು ಅವನನ್ನೇ ಕೇಳಬೇಕು. ಮಗುವಿಗೆ ಇಲ್ಲದ ಚಿಂತೆಯನ್ನು ತಾಯಿತಂದೆಗಳು ಮುಂದಿನ ಮದುವೆಯ ಲೆಕ್ಕದಲ್ಲಿ ತುಂಬಬಾರದು. ಅವನೇ ನೊಂದು, ತಿಳಿದು, ಬೇಕೆಂದರೆ ವೈದ್ಯರಲ್ಲಿಗೆ ಹೋಗುವುದರಲ್ಲಿ ಅವಮಾನವೇನೂ ಇಲ್ಲ. ಆದರೆ ಅದಕ್ಕೂ ಮೊದಲು ಚಿಕಿತ್ಸೆ ಆಗಬೇಕಾದದ್ದು ತರಗತಿಗೆ. “ಆನೆಕಿವಿ”, “ಮೊರದ ಕಿವಿ” ಎಂದು ಹೆಸರಿಡುವವರು ಬೇರೆ ಲೋಕದವರಲ್ಲ, ನಾವೇ. ಆ ನಗೆಯನ್ನು ನಿಲ್ಲಿಸುವುದಕ್ಕೆ ಅರಿವಳಿಕೆಯೂ ಬೇಡ, ಹಣವೂ ಬೇಡ. ನಮ್ಮಲ್ಲಿ ಅನೇಕರು ನಾಳೆ ಉಪಾಧ್ಯಾಯರಾಗತಕ್ಕವರು. ಅಡ್ಡಹೆಸರು ಕೇಳಿಬಂದ ದಿನವೇ ಅದನ್ನು ತಡೆಯುವ ಉಪಾಧ್ಯಾಯರು ಎಷ್ಟೋ ಮಕ್ಕಳನ್ನು ಶಸ್ತ್ರಚಿಕಿತ್ಸೆಯಿಂದ ಉಳಿಸಬಲ್ಲರು.

ಸೋದರಿಯರಿಗೆ ಕೊನೆಯದಾಗಿ ಒಂದು ಬಿನ್ನಹ. ಚಿನ್ನದ ಕತ್ತಿಯೆಂದು ಯಾರೂ ಕುತ್ತಿಗೆ ಕೊಯ್ದುಕೊಳ್ಳುವುದಿಲ್ಲ. ಭಾರವಾದ ಜುಮಕಿ ಹಬ್ಬದ ದಿನಕ್ಕಿರಲಿ, ನಿತ್ಯಕ್ಕೆ ಹಗುರವಾದದ್ದು ಸಾಕು. ರಾತ್ರಿ ತೆಗೆದಿಟ್ಟು ಮಲಗೋಣ. ಚುಚ್ಚಿಸುವಾಗ ಹಾಲೆಯ ಅಂಚಿಗೆ ತೀರ ಹತ್ತಿರ ಚುಚ್ಚಿಸದಿರೋಣ. ಸೋದರರಲ್ಲಿಯೂ ಒಂದು ಕೋರಿಕೆ ಉಂಟು. ಈ ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ತಾಯಿಯ, ಅತ್ತೆಯ, ಅಜ್ಜಿಯ ಕಿವಿಗಳನ್ನು ಒಮ್ಮೆ ನೋಡಿ. ಹರಿದಿದ್ದರೆ, “ಆಸ್ಪತ್ರೆಗೆ ಹೋಗಿಬರೋಣವೇ?” ಎಂದು ಕೇಳಿ. ಬೇಡವೆಂದರೆ ಬಿಡಿ. ಬೇಕೆಂದರೆ ಜೊತೆಯಲ್ಲಿ ಹೋಗಿ, ಸಾಲಿನಲ್ಲಿ ನೀವು ನಿಂತು, ಅವರನ್ನು ಬೆಂಚಿನ ಮೇಲೆ ಕೂರಿಸಿ.