ಧಣಿಗಳಿಗೆ ವಿಹಾರ, ನಮಗೆ ‘ನೋಡೋಣ’



ಕಳೆದ ವರ್ಷ ಚಳಿ ಇಳಿಯುವ ಹೊತ್ತಿಗೆ, ನಾನು ದುಡಿಯುವ ನೋಯ್ಡಾದ ಹೋಟೆಲಿನ ಹಿಂಬದಿಯ ಹುಲ್ಲುಹಾಸಿನ ಮೇಲೆ ಎರಡು ಲಾರಿ ಮರಳು ತಂದು ಸುರಿದರು. ಸಮುದ್ರವೆಲ್ಲಿ, ನೋಯ್ಡಾ ಎಲ್ಲಿ! ಆದರೆ ದುಡ್ಡಿದ್ದವರಿಗೆ ಸಮುದ್ರವೂ ಲಾರಿ ಹತ್ತಿ ಬರುತ್ತದೆ. ಕುಂಡದಲ್ಲಿ ಪ್ಲಾಸ್ಟಿಕ್ಕಿನ ತೆಂಗಿನ ಮರಗಳನ್ನು ನಿಲ್ಲಿಸಿದರು. ಗೋಡೆಗೆ ಮೀನಿನ ಬಲೆ ಕಟ್ಟಿದರು. ಬೆಂಡು ಕೆಳಗೆ, ಸೀಸದ ಗುಂಡು ಮೇಲೆ, ಅಂದರೆ ತಲೆಕೆಳಗಾಗಿ. ಹೇಳೋಣವೆಂದು ಬಾಯಿ ತೆರೆದೆ, ಆಮೇಲೆ ನನಗೇಕೆ ಎಂದು ಸುಮ್ಮನಾದೆ. ಎಳನೀರು ಮಾತ್ರ ನಿಜದ್ದು; ಮದ್ದೂರಿನ ಕಡೆಯದೆಂದು ಸರಬರಾಜಿನವನು ಹೇಳಿದ.

ಅಂದು ಒಬ್ಬ ಸಾಹೇಬರ ಮದುವೆಯ 25ನೆಯ ವರ್ಷದ ಸಂಭ್ರಮ. ಮರುದಿನ ಬೆಳಗ್ಗೆ ಗಂಡ ಹೆಂಡತಿಯೂ ಅವರ ಆರು ಜೋಡಿ ಸ್ನೇಹಿತರೂ ಒಂದು ವಾರದ ಮಟ್ಟಿಗೆ ಥೈಲ್ಯಾಂಡಿನ ದ್ವೀಪವೊಂದಕ್ಕೆ ಹೊರಟಿದ್ದರು. ಅದರ ಮುಂಗಡ ರುಚಿ ಈ ಮರಳು. ಬಡಿಸುವ ನಮಗೆಲ್ಲ ಹೂ ಹೂವಿನ ಅಂಗಿ, ತಲೆಗೊಂದು ಹುಲ್ಲಿನ ಟೋಪಿ. ಬೈಂದೂರಿನ ಕಡಲ ಕರೆಯಲ್ಲಿ ಹುಟ್ಟಿದ ನಾನು ನೋಯ್ಡಾದಲ್ಲಿ ಕಡಲ ತಡಿಯ ಮಾಣಿಯ ವೇಷ ಹಾಕಿದೆ.

ನನ್ನ ಮದುವೆಯಾಗಿಯೂ ಅಂದಿಗೆ ಸರಿಯಾಗಿ 10 ವರ್ಷ. ಒಂದು ತಿಂಗಳು ಮುಂಚೆಯೇ ಆ ಒಂದು ಸಂಜೆ ಬಿಡಿರೆಂದು ಕೇಳಿದ್ದೆ. ಮ್ಯಾನೇಜರರು, ‘ದೇಖ್‌ತೇ ಹೈಂ’ ಎಂದಿದ್ದರು. ನೋಡೋಣ! ರಾತ್ರಿ ಎರಡು ಗಂಟೆಗೆ ಮನೆ ಸೇರಿದಾಗ ಮಗಳು ಮಲಗಿಬಿಟ್ಟಿದ್ದಳು. ಹೆಂಡತಿ ಬಾಗಿಲು ತೆರೆದು, ನನ್ನ ಹೂವಿನ ಅಂಗಿಯನ್ನು ಮೇಲಿಂದ ಕೆಳಗೆ ನೋಡಿ, “ಹ್ವಾಯ್, ಪಾಯ್ಸ ತಣ್ದ್‌ಹೋಯ್ತ್, ಬಿಸಿ ಮಾಡ್ಕಾ?” ಎಂದಳು. ಅಷ್ಟೇ. ಬೈದಿದ್ದರೆ ಎಷ್ಟೋ ಸಮಾಧಾನವಿತ್ತು.

ನನಗೆ ಆ ಸಾಹೇಬರ ಮೇಲೆ ಹೊಟ್ಟೆಕಿಚ್ಚಿಲ್ಲ. 25 ವರ್ಷ ಜೊತೆಯಲ್ಲಿ ಬಾಳಿದ ಹೆಂಡತಿಯ ಕೈ ಹಿಡಿದು, ನಾಲ್ಕು ಜನರ ಮುಂದೆ ಆತ ಎರಡು ಮಾತು ಆಡಿದಾಗ ಆತನ ಕಣ್ಣು ತುಂಬಿದ್ದು ನಾಟಕವಲ್ಲ. ಹಳೆಯ ಗೆಳೆಯರು ಬೆನ್ನು ತಟ್ಟಿದರು, ಮಕ್ಕಳು ಹಾಡಿದರು. ಒಳ್ಳೆಯದೇ. ನಾನು ಕೇಳುವುದು ಇಷ್ಟೇ: ಅವರಿಗೆ ಒಳ್ಳೆಯದಾದದ್ದು ನಮ್ಮ ಪಾಲಿಗೆ ದುಂದು, ಚಟ, ಸೋಮಾರಿತನ ಆಗುವುದು ಹೇಗೆ? ಹೆಂಡತಿಯೊಡನೆ ಎರಡು ದಿನ ಕಳೆಯಬೇಕೆಂದು ಸಾಹೇಬರು ಹೊರಟರೆ ಅದು ಸಂಸಾರದ ಸೊಗಸು. ಮಾಣಿ ಹೊರಟರೆ ‘ಕೆಲಸಗಳ್ಳ’!

ಇನ್ನು ಬೇಸಿಗೆಯ ಮಾತು. ನೋಯ್ಡಾದ ಶಾಲೆಗಳು ಮುಚ್ಚುವುದು ಮೇ ತಿಂಗಳ ಎರಡನೆಯ ಅರ್ಧದಲ್ಲಿ. ಹೋಟೆಲಿನವರು ನಮ್ಮನ್ನು ಊರಿಗೆ ಬಿಡುವುದು ಮದುವೆಗಳ ಗದ್ದಲ ಇಳಿದ ಮೇಲೆ, ಜೂನ್ ನಡುವಿಗೆ. ಅಷ್ಟರಲ್ಲಿ ಕರಾವಳಿಗೆ ಮಳೆ ಹಿಡಿದಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಪಡುಗಡಲಿನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ; ದೋಣಿಗಳೆಲ್ಲ ದಡದಲ್ಲಿ. ಕರ್ನಾಟಕದ ಶಾಲೆಗಳಾದರೋ ಏಪ್ರಿಲ್ ಮೇ ರಜೆ ಮುಗಿಸಿ ಆಗಲೇ ತೆರೆದಿರುತ್ತವೆ. ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ಕೊಡೆ ಹಿಡಿದು ಶಾಲೆಗೆ ಹೋಗುತ್ತಾರೆ. ನಮ್ಮ ಮಕ್ಕಳು ಚಾವಡಿಯಲ್ಲಿ ಕೂತು ಸೂರಿನ ನೀರು ಎಣಿಸುತ್ತಾರೆ. ಬಾವಿ ಕಟ್ಟೆಗೆ ಹೋಗಬೇಡ, ತೋಡಿನ ಹತ್ತಿರ ಹೋಗಬೇಡ, ಕಡಲ ಕಡೆಗಂತೂ ತಲೆ ಹಾಕಬೇಡ. ಇದು ನಮ್ಮ ಬೇಸಿಗೆ ವಿಹಾರ.

ನನ್ನ ಮಗಳು ಶಾಲೆಯಲ್ಲಿ ಸಮುದ್ರದ ಚಿತ್ರ ಬರೆದಳು. ಕಂದು ಬಣ್ಣ ತುಂಬಿದ್ದಳು. ಮೇಷ್ಟರಮ್ಮ ಕೆಂಪು ಗೆರೆ ಎಳೆದು, ಸಮುದ್ರ ನೀಲಿ ಎಂದು ತಿದ್ದಿದರು. ಮಗಳು ಮನೆಗೆ ಬಂದು, “ಅಪ್ಪಾ, ನಮ್ಮೂರಿನದ್ದು ಮಣ್ಣಿನ ಬಣ್ಣವೇ ಅಲ್ಲವಾ?” ಎಂದು ಕೇಳಿತು. ಹುಟ್ಟಿದಾಗಿನಿಂದ ಅದು ಸಮುದ್ರ ನೋಡಿದ್ದೇ ಜೂನ್ ತಿಂಗಳಲ್ಲಿ, ಹೊಳೆಗಳು ಕೆಂಪು ಮಣ್ಣು ಹೊತ್ತು ತಂದು ಸುರಿಯುವಾಗ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ. ಅದನ್ನು ನೋಡಲು ದಿಲ್ಲಿಯವರು ವಿಮಾನದಲ್ಲಿ ಬರುತ್ತಾರೆ, ಪಡುಬಿದ್ರಿಯ ಕಡಲ ತಡಿಗೆ 2020ರಲ್ಲಿ ಅಂತರರಾಷ್ಟ್ರೀಯ ನೀಲಿ ಬಾವುಟವೂ ಬಂತು. ಆ ಮಣ್ಣಿನಲ್ಲೇ ಹುಟ್ಟಿದವನ ಮಗಳಿಗೆ ಮಾತ್ರ ಸಮುದ್ರ ನೀಲಿಯೆಂದು ತಿಳಿಯದು!

ಯಾರು ಹೊಣೆ? ಮಳೆಯಲ್ಲ. ಆ ‘ನೋಡೋಣ’ ಎಂಬ ಮಾತು.

ಬಂಧುಗಳೇ, ಈ ಮಾತಿನ ವಿಷ ಎಷ್ಟೆಂದು ಲೆಕ್ಕ ಹಾಕಿ ನೋಡಿ. ನಿಜಾಮುದ್ದೀನಿನಿಂದ ಹೊರಡುವ ಮಂಗಳಾ ಎಕ್ಸ್‌ಪ್ರೆಸ್ಸು ಕೊಂಕಣ ರೈಲು ದಾರಿಯಾಗಿ ಉಡುಪಿ ಮಂಗಳೂರು ಮುಟ್ಟಲು ಸುಮಾರು 40 ಗಂಟೆ. ಮೊದಲು ಟಿಕೀಟನ್ನು 120 ದಿನ ಮುಂಚೆ ತೆಗೆಯಬಹುದಿತ್ತು. 2024ರ ನವೆಂಬರ್ 1ರಿಂದ ಅದು 60 ದಿನ. ಬೇಸಿಗೆಯ ಟಿಕೀಟು ತೆರೆದ ದಿನವೇ ಕಾಲಿ. ಮೇ 20ಕ್ಕೆ ಹೊರಡಬೇಕಾದರೆ ಮಾರ್ಚ್ ಮೂರನೆಯ ವಾರಕ್ಕೆ ರಜೆ ಗಟ್ಟಿಯಾಗಬೇಕು. ಮ್ಯಾನೇಜರರು ಮೇ 10ನೆಯ ತಾರೀಖು ‘ಸರಿ ಹೋಗು’ ಎಂದರೆ ಅದು ರಜೆ ಕೊಟ್ಟಂತಲ್ಲ. ಜನರಲ್ ಡಬ್ಬಿಯ ಬಾಗಿಲಲ್ಲಿ ಹೆಂಡತಿ ಮಕ್ಕಳನ್ನು ನೇತುಹಾಕಿದಂತೆ. ಇಲ್ಲವೆಂದು ಹೇಳಿದರೆ ನಾವು ಸಂಘಕ್ಕೆ ಬರುತ್ತೇವೆ, ಜಗಳಾಡುತ್ತೇವೆ. ಅದಕ್ಕೇ ಅವರು ಇಲ್ಲವೆನ್ನುವುದಿಲ್ಲ.

ರಜೆ ಯಾರ ಮೆಹರ್ಬಾನಿಯೂ ಅಲ್ಲ. 1948ರ ಫ್ಯಾಕ್ಟರಿ ಕಾಯಿದೆಯಲ್ಲೇ ವರ್ಷಕ್ಕೆ 240 ದಿನ ದುಡಿದವನಿಗೆ ಪ್ರತಿ 20 ದಿನಕ್ಕೆ ಒಂದರಂತೆ ಸಂಬಳ ಸಹಿತ ರಜೆ ಇತ್ತು. ಹೋಟೆಲಿನವರಿಗೆ ಉತ್ತರ ಪ್ರದೇಶದ 1962ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯಲ್ಲೂ ಗಳಿಕೆಯ ರಜೆ ಉಂಟು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದರು. ಅವುಗಳ ಮೇಲೆ ಕಾರ್ಮಿಕ ಸಂಘಗಳಿಗೆ ತಕರಾರು ಬೆಟ್ಟದಷ್ಟಿದೆ, ಅದನ್ನು ಇನ್ನೊಮ್ಮೆ ಬರೆಯೋಣ; ಆದರೆ ರಜೆಯ ಬಾಬಿನಲ್ಲಿ ಒಂದು ಮಾತು ನಮ್ಮ ಕಡೆಗಿದೆ. 10 ಅಥವಾ ಹೆಚ್ಚು ಜನ ದುಡಿಯುವ ಕಡೆ, 240ರ ಬದಲು 180 ದಿನ ದುಡಿದರೆ ಸಾಕು, 20ಕ್ಕೆ ಒಂದರ ಲೆಕ್ಕ ಹಾಗೆಯೇ. 300 ದಿನ ದುಡಿದವನಿಗೆ 15 ದಿನ. ಗುತ್ತಿಗೆದಾರರು ನಡುವೆ ‘ಬ್ರೇಕ್’ ಕೊಟ್ಟು, ಹೆಸರು ತೆಗೆದು ಮತ್ತೆ ಬರೆದು, 240 ತುಂಬದಂತೆ ನೋಡಿಕೊಳ್ಳುತ್ತಿದ್ದ ಆಟ ಇನ್ನು ಅಷ್ಟು ಸುಲಭವಲ್ಲ.

ಇನ್ನೊಂದು ಸಂಗತಿಯನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಉಳಿದ ರಜೆಯನ್ನು ಮುಂದಿನ ವರ್ಷಕ್ಕೆ ಒಯ್ಯಲು 30 ದಿನದ ಮಿತಿ ಇದೆ. ಆದರೆ ಅರ್ಜಿ ಕೊಟ್ಟು, ಅದನ್ನು ಅವರು ನಿರಾಕರಿಸಿದರೆ, ಆ ರಜೆಗೆ ಮಿತಿಯಿಲ್ಲ. ಅರ್ಜಿ ಕೊಟ್ಟದ್ದಕ್ಕೆ ಕಾಗದವೇ ಸಾಕ್ಷಿ. ಬಾಯಿಮಾತಿನಲ್ಲಿ ಕೇಳಿ ‘ನೋಡೋಣ’ ಎನ್ನಿಸಿಕೊಂಡು ಬಂದವನಿಗೆ ಏನಿದೆ? ನಾನು 11 ವರ್ಷ ಬಾಯಲ್ಲೇ ಕೇಳಿದೆ. ನನ್ನ ಪೆದ್ದುತನಕ್ಕೆ ಮ್ಯಾನೇಜರರನ್ನು ಬೈದು ಏನು ಫಲ!

ನೋಯ್ಡಾ ಎರಡನೆಯ ಹಂತದ ಹೊಸೈರಿ ಗಿರಣಿಗಳಲ್ಲಿ ಪೀಸಿನ ಲೆಕ್ಕದಲ್ಲಿ ಹೊಲಿಯುವ ಅಣ್ಣಂದಿರು, ಅಕ್ಕಂದಿರು, “ನಮಗೆಲ್ಲಿಯ ರಜೆ, ಹೊಲಿದರೆ ಕಾಸು” ಎನ್ನುತ್ತಾರೆ. ತಪ್ಪು. ಹಳೆಯ ಕಾಯಿದೆಯಲ್ಲೇ ರಜೆಗೆ ಹಿಂದಿನ ತಿಂಗಳ ಸರಾಸರಿ ದಿನಗಳಿಕೆಯನ್ನು ಲೆಕ್ಕ ಹಾಕಿ ಕೊಡುವ ಕ್ರಮವಿತ್ತು. ಪೀಸಿನವನೂ ಕಾರ್ಮಿಕನೇ. ಹೋಟೆಲುಗಳ ತಂತ್ರ ಬೇರೆ: ಎರಡು ವರ್ಷ ಹಳಬನಾದ ಕೂಡಲೇ ‘ಕ್ಯಾಪ್ಟನ್’, ‘ಸೂಪರ್‌ವೈಸರ್’ ಎಂದು ಎದೆಗೊಂದು ಬಿಲ್ಲೆ. 18,000 ರೂಪಾಯಿಗೆ ಮೇಲ್ಪಟ್ಟ ಸಂಬಳದ ಮೇಲ್ವಿಚಾರಕ ಕಾಯಿದೆಯ ಲೆಕ್ಕದಲ್ಲಿ ಕಾರ್ಮಿಕನಲ್ಲ. ಬಿಲ್ಲೆ ಸಿಕ್ಕಿತೆಂದು ಊರಿಗೆ ಫೋಟೋ ಕಳಿಸುವ ಮೊದಲು, ಮಾಡುವ ಕೆಲಸ ಮೇಲ್ವಿಚಾರಣೆಯೋ, ತಟ್ಟೆ ಎತ್ತುವುದೋ ಎಂದು ನೋಡಿಕೊಳ್ಳಿ. ಹೆಸರಲ್ಲ, ಕೆಲಸ ಲೆಕ್ಕ.

ಮಾಲಿಕರನ್ನು ಬೈದರೆ ನೀವೆಲ್ಲ ಚಪ್ಪಾಳೆ ತಟ್ಟುತ್ತೀರಿ. ಈಗ ನಮ್ಮವರನ್ನು ಬೈಯುತ್ತೇನೆ, ತಾಳಿಕೊಳ್ಳಿ.

ನಮ್ಮ ಹಿರಿಯರು ಕೆಲವರು, “ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವೇ” ಎಂದು ನಗುತ್ತಾರೆ. ರಜೆಯೇನಿದ್ದರೂ ತಂಗಿಯ ಮದುವೆಗೆ, ಅಜ್ಜಿಯ ಬೊಜ್ಜಕ್ಕೆ, ಮನೆಯ ಹಂಚು ಕೈಯಾಡಿಸಲಿಕ್ಕೆ, ಕೋರ್ಟಿನ ವಾಯಿದೆಗೆ. ಸುಮ್ಮನೆ ಹೆಂಡತಿ ಮಕ್ಕಳ ಜೊತೆ ಕಡಲ ತಡಿಯಲ್ಲಿ ಕೂರುವುದಕ್ಕೆ ರಜೆ ಹಾಕಿದೆನೆಂದು ಹೇಳಲು ನಮಗೇ ನಾಚಿಕೆ. ಇನ್ನು ಕೆಲವರು ಇಡೀ ರಜೆಯನ್ನು ವರ್ಷದ ಕೊನೆಗೆ ಮಾರಿಬಿಡುತ್ತಾರೆ. ಹೊಸ ಸಂಹಿತೆಯಲ್ಲಿ ಕಾರ್ಮಿಕ ಕೇಳಿದರೆ ರಜೆಗೆ ಬದಲು ದುಡ್ಡು ಕೊಡಬೇಕೆಂದಿದೆ. ಆಸ್ಪತ್ರೆ ಖರ್ಚು ಬಂದು ಮಾರಿದವನನ್ನು ನಾನು ಟೀಕಿಸುವವನಲ್ಲ. ಆದರೆ ಹೊಸ ಮೊಬೈಲಿಗೆಂದು 15 ದಿನ ಮಾರಿದ ತಮ್ಮನಿಗೆ ಕೇಳುತ್ತೇನೆ: ನೀನು ಮಾರಿದ್ದು ನಿನ್ನ ಸ್ವಂತದ್ದೇ? ಅದರಲ್ಲಿ ಅರ್ಧ ನಿನ್ನ ಹೆಂಡತಿಯದ್ದು. ಅವಳನ್ನು ಕೇಳಿದೆಯಾ?

ಹೊಟ್ಟೆಯ ಹಿಟ್ಟಿಗಾಗಿ ಹೋರಾಡಿದವರೇ ಬಿಡುವಿಗಾಗಿಯೂ ಹೋರಾಡಿದರು. ಮುಂಬಯಿಯ ಗಿರಣಿಗಳಲ್ಲಿ ವಾರಕ್ಕೊಂದು ರಜೆಯೂ ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಗಿರಣಿ ಕಾರ್ಮಿಕರನ್ನು ಕೂಡಿಸಿ ಭಾನುವಾರ ಬಿಡುವು ಕೇಳಿದರು. ಮಾಲಿಕರು ಆರು ವರ್ಷ ‘ನೋಡೋಣ’ ಎಂದರು. 1890ರ ಜೂನ್ 10ರಂದು ಒಪ್ಪಿದರು. ನಾವು ಇಂದು ಸಲೀಸಾಗಿ ಅನ್ನುವ ‘ಸಂಡೇ’ ಹಾಗೆ ಬಂದದ್ದು. (ಹೋಟೆಲಿನವರಿಗೆ ಸಂಡೇ ಇಲ್ಲ, ಮಂಗಳವಾರವೋ ಬುಧವಾರವೋ, ಇರಲಿ.) ಫ್ರಾನ್ಸಿನಲ್ಲಿ 1936ರ ಜೂನಿನಲ್ಲಿ ಕಾರ್ಮಿಕರು ಕಾರ್ಖಾನೆಗಳ ಒಳಗೇ ಕೂತು ಮುಷ್ಕರ ಹೂಡಿ ವರ್ಷಕ್ಕೆ ಎರಡು ವಾರ ಸಂಬಳದ ರಜೆ ಪಡೆದರು. ಲಿಯೋ ಲಾಗ್ರಾಂಜ್ ಎಂಬ ಮಂತ್ರಿ ಅವರಿಗೆ ರೈಲು ದರದಲ್ಲಿ ನೂರಕ್ಕೆ 40 ಕಡಿಮೆ ಮಾಡಿಸಿದರು. ಶ್ರೀಮಂತರ ಪತ್ರಿಕೆಗಳು ಅವರನ್ನು ‘ಸೋಮಾರಿತನದ ಮಂತ್ರಿ’ ಎಂದು ಹಂಗಿಸಿದವು. ಆ ಬೇಸಿಗೆಯಲ್ಲಿ ಲಕ್ಷಾಂತರ ಕಾರ್ಮಿಕರು ರೈಲು ಹತ್ತಿದರು. ಎಷ್ಟೋ ಮಂದಿ ಸಮುದ್ರ ನೋಡಿದ್ದು ಅದೇ ಮೊದಲು. 1948ರಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆ ಬರೆದಾಗ ವಿಶ್ರಾಂತಿಯನ್ನೂ ಸಂಬಳದ ರಜೆಯನ್ನೂ 24ನೆಯ ಕಲಮಿನಲ್ಲಿ ಸೇರಿಸಿತು. ಮಲ್ಲಿಗೆ ಹೂವೆಂದು ಅವರಿಗೆ ತೋರಲಿಲ್ಲ.

ನಮ್ಮ ಸರಕಾರಕ್ಕೂ ಇದು ತಿಳಿಯದ್ದೇನಲ್ಲ. ಕೇಂದ್ರ ಸರಕಾರದ ನೌಕರನಿಗೆ ನಾಲ್ಕು ವರ್ಷದ ಅವಧಿಯಲ್ಲಿ ಸಂಸಾರ ಸಮೇತ ಎರಡು ಸಲ ಊರಿಗೆ, ಇಲ್ಲವೇ ಒಂದು ಸಲ ಊರಿಗೂ ಒಂದು ಸಲ ದೇಶದಲ್ಲಿ ಎಲ್ಲಿಗಾದರೂ ಹೋಗಿಬರಲು ಪ್ರಯಾಣದ ಖರ್ಚು ಸಿಗುತ್ತದೆ. ಸಿಗಲಿ, ಸಂತೋಷ. ಆತ ಇಳಿದುಕೊಳ್ಳುವ ಹೋಟೆಲಿನಲ್ಲಿ ಹಾಸಿಗೆ ಕೊಡವುವವನಿಗೆ?

“ನೀನು ಹೋದರೆ ಕೆಲಸ ನಿಲ್ಲುತ್ತದೆ” ಎಂಬುದು ಅವರ ಕಡೆಯ ಬಾಣ. 2020ರ ಮಾರ್ಚ್ 25ಕ್ಕೆ ದೇಶವೆಲ್ಲ ಮುಚ್ಚಿದಾಗ ಕೆಲಸ ನಿಂತೇ ನಿಂತಿತು. ಆಗ ನಮ್ಮಂಥವರಿಗೆ ತಿಂಗಳುಗಟ್ಟಲೆ ರಜೆ ಕೊಟ್ಟರು, ಕೇಳದೆಯೇ, ಸಂಬಳವಿಲ್ಲದೆಯೇ. ಆನಂದ ವಿಹಾರದ ಬಸ್ ನಿಲ್ದಾಣದಲ್ಲಿ ಗಂಟು ಹೊತ್ತು ನಿಂತ ಜನವನ್ನು ನಾವು ಮರೆತಿಲ್ಲ. ಅವರಿಗೆ ಬೇಕಾದಾಗ ನಾವಿಲ್ಲದೆ ತಿಂಗಳುಗಳೇ ನಡೆಯುತ್ತವೆ. ನಮಗೆ ಬೇಕಾದಾಗ 15 ದಿನ ನಡೆಯುವುದಿಲ್ಲ.

ಆದ್ದರಿಂದ ಸಂಘದ ಮುಂದಿನ ಸಭೆಯಲ್ಲಿ ನಾನು ಒಂದು ಠರಾವು ತರುವವನಿದ್ದೇನೆ: ಬೇಸಿಗೆ ರಜೆಯ ಅರ್ಜಿಗೆ ರೈಲು ಟಿಕೀಟು ತೆರೆಯುವ ಮೊದಲೇ, ಅಂದರೆ 60 ದಿನ ಮುಂಚೆ, ಲಿಖಿತ ಉತ್ತರ ಬರಬೇಕು, ಶಾಲೆಗೆ ಹೋಗುವ ಮಕ್ಕಳಿರುವವರಿಗೆ ಮೇ ತಿಂಗಳಲ್ಲಿ ಪಾಳಿ ಹಾಕಿ ರಜೆ ಹಂಚಬೇಕು. ಮಕ್ಕಳಿಲ್ಲದ ತರುಣರು ಆ ಹದಿನೈದು ದಿನ ಒಂದು ಪಾಳಿ ಹೆಚ್ಚು ಹೊತ್ತುಕೊಳ್ಳಿ, ಅದರ ಓವರ್‌ಟೈಮನ್ನು ಲೆಕ್ಕ ಮಾಡಿ ಕೇಳಿ. ನಿಮ್ಮ ಸರದಿ ದಸರೆಗೆ.

ನನ್ನ ಅರ್ಜಿಯನ್ನು ನಿನ್ನೆ ಕೊಟ್ಟೆ. ಮೇ 20ರಿಂದ 14 ದಿನ. ಕಾರಣ ಎಂಬ ಜಾಗದಲ್ಲಿ ಅಜ್ಜಿಯನ್ನು ಸಾಯಿಸಲಿಲ್ಲ, ತಂಗಿಗೆ ಮತ್ತೆ ಮದುವೆ ಮಾಡಲಿಲ್ಲ. “ಹೆಂಡತಿ ಮತ್ತು ಮಗಳೊಡನೆ ಸಮುದ್ರ ನೋಡಲು” ಎಂದು ಬರೆದೆ. ಮ್ಯಾನೇಜರರು ಓದಿ, ಕನ್ನಡಕ ತೆಗೆದು, ನನ್ನ ಮುಖ ನೋಡಿ, “ದೇಖ್‌ತೇ ಹೈಂ” ಎಂದರು. ಅದನ್ನೇ ಕಾಗದದ ಮೇಲೆ ಬರೆದು ತಾರೀಖು ಹಾಕಿ ಕೊಡಿ ಎಂದೆ. ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತರು. ಎರಡನೆಯ ಪ್ರತಿಯ ಮೇಲೆ ‘ಸ್ವೀಕರಿಸಿದೆ’ ಎಂದು ಸಹಿ ಹಾಕಿದ್ದಾರೆ. ಅದು ನನ್ನ ಜೇಬಿನಲ್ಲಿದೆ.